ಕಂಬವಿಲ್ಲದ ಅಂಗಡಿಯಲ್ಲಿ ಕಂಬದ ಜಾಗ

ಬೆಳಿಗ್ಗೆ ಎದುರಂಗಡಿಯ ಷಟರ್ ಮೇಲೇರಿತು. ಬ್ಯಾಗಿನಂಗಡಿಯ ಒಡತಿ ನಿಂತಲ್ಲೇ ಕಲ್ಲಾದಳು.

ಅಲ್ಲಿ ಶಾಲೆಯ ಬ್ಯಾಗುಗಳೆಲ್ಲ ಮಕ್ಕಳ ಕೈಗೆಟುಕುವ ಎತ್ತರದಲ್ಲಿದ್ದವು. ಪಕ್ಕದಲ್ಲೇ ಬಾಟಲಿ, ಡಬ್ಬಿ. ಥೇಟ್ ಅವಳದೇ ಯೋಜನೆ. ಮೂರು ತಿಂಗಳು ಪ್ರತಿ ಸೋಮವಾರ ಗಿರಾಕಿಯಂತೆ ಆ ಎದುರಂಗಡಿಗೇ ಹೋಗಿ, ಯಾರು ಬರಿಗೈಲಿ ಹೊರಡುತ್ತಾರೆಂದು ನೋಡಿ ಕಂಡುಕೊಂಡ ಗುಟ್ಟು: ಬ್ಯಾಗು ಆರಿಸುವುದು ತಾಯಿಯಲ್ಲ, ಮಗು. ಅವಳ ಹೊಸ ರ‍್ಯಾಕುಗಳು ನಾಳೆ ಬರಬೇಕಿತ್ತು. ಶಾಲೆ ಶುರುವಾಗುವ ಈ ವಾರ ಕೈತಪ್ಪಿದರೆ ಅಂಗಡಿಗೆ ಬೀಗವೇ ಗತಿ.

"ನಮ್ಮ ಸೇಲ್ಸ್‌ನವಳೇ ಹೇಳಿರ್ಬೇಕು ಅಕ್ಕಾ," ಎಂದ ಅಂಗಡಿಯಲ್ಲಿ ಜೊತೆಗೆ ದುಡಿಯುವ ತಮ್ಮ. "ಮೊನ್ನೆ ಅವರ ಬಾಗಿಲಲ್ಲಿ ನಿಂತು ನಗ್ತಾ ಇದ್ಲು."

ಒಡತಿ ಅವಳನ್ನು ಕರೆದಳು. "ಅಲ್ಲೇನಿತ್ತು ನಿಂಗೆ ಕೆಲಸ?"

"ನಮ್ಮಕ್ಕನ ಮಗಳು ಅಲ್ಲಿಗೆ ಸೇರಿದ್ದಾಳೆ ಮೇಡಂ. ಮಾತಾಡಿಸಿದೆ, ಅಷ್ಟೇ." ಅವಳ ಕಣ್ಣು ತುಂಬಿತು.

"ಇವತ್ತೇ ಕಳಿಸಿಬಿಡು," ಎಂದ ತಮ್ಮ.

"ಮಧ್ಯಾಹ್ನದವರೆಗೂ ತಡಿ."

*

ಒಡತಿ ಅಪ್ಪನ ಹಳೆಯ ಅಳತೆ ಟೇಪು ತೆಗೆದುಕೊಂಡು ಎದುರಂಗಡಿಗೆ ನಡೆದಳು. ಅದರ ಮೊದಲ ಹತ್ತು ಇಂಚು ಎಂದೋ ಹರಿದುಹೋಗಿತ್ತು. ಅಳೆದಮೇಲೆ ಹತ್ತು ಕಳೆಯುವುದು ಮನೆಯವರಿಗೆಲ್ಲ ರೂಢಿ.

ಎದುರಂಗಡಿಯ ಹೊಸ ರ‍್ಯಾಕುಗಳ ನಡುವೆ ಒಂದಿಷ್ಟು ಜಾಗ ಖಾಲಿ ಇತ್ತು. ತನ್ನ ಹೊಸ ರ‍್ಯಾಕುಗಳಿಗೆಂದು ಅವಳು ಮಾಡಿಸಿದ್ದ ನಕ್ಷೆಯಲ್ಲೂ ಅಲ್ಲಿ ಖಾಲಿ, ಏಕೆಂದರೆ ಅವಳ ಅಂಗಡಿಯಲ್ಲಿ ಅಲ್ಲೊಂದು ಕಂಬವಿದೆ. ಇಲ್ಲಿ ಕಂಬವೇ ಇಲ್ಲ. ಇಲ್ಲದ ಕಂಬಕ್ಕೆ ಜಾಗ ಬಿಟ್ಟಿದ್ದಾನೆ ಈ ಅಂಗಡಿಯ ಪುಣ್ಯಾತ್ಮ. ಅಂದರೆ ಇಲ್ಲಿಗೆ ಬಂದದ್ದು ಬರೀ ಬಾಯಿಮಾತಲ್ಲ, ನಕ್ಷೆಯೇ.

ಸೂಟ್‌ಕೇಸಿನ ನೆಪದಲ್ಲಿ ಅವಳು ಆ ಜಾಗ ಅಳೆದಳು. ಟೇಪು ನಲವತ್ತು ತೋರಿಸಿತು. ಹತ್ತು ಕಳೆದರೆ ಮೂವತ್ತು. ಅವಳು ಮತ್ತೊಮ್ಮೆ ಅಳೆದಳು; ಅದೇ ಮೂವತ್ತು.

*

"ಅಲ್ಲಿ ಮೂವತ್ತು ಇಂಚು ಬಿಟ್ಟಿದ್ದಾರೆ," ಎಂದಳು ತಮ್ಮನಿಗೆ. ಸೇಲ್ಸ್‌ನವಳೂ ಅಲ್ಲೇ ಇದ್ದಳು. "ನಮ್ಮ ಕಂಬ ಇಪ್ಪತ್ತೇ. ಮೊದಲ ನಕ್ಷೆ ಬರೆಯುವಾಗ ನೀನು ಹತ್ತು ಕಳೆಯೋದು ಮರೆತಿದ್ದೆ. ಅದನ್ನ ನೋಡಿದ್ದು ನಾವಿಬ್ಬರೇ. ಹರಿದು ಹಾಕು ಅಂತ ನಿನ್ನ ಕೈಗೇ ಕೊಟ್ಟೆ. ಇವಳು ನೋಡಿದ್ದು ತಿದ್ದಿದ ನಕ್ಷೆ."

ತಮ್ಮ ತಲೆ ತಗ್ಗಿಸಿದ. "ಎದುರಂಗಡಿಯವರು ನನ್ನ ಮ್ಯಾನೇಜರ್ ಮಾಡ್ತೀನಿ ಅಂದ್ರು ಅಕ್ಕಾ. ಇಲ್ಲಿ ಎಷ್ಟು ದುಡಿದ್ರೂ ನಾನು ನಿನ್ನ ತಮ್ಮ, ಅಷ್ಟೇ."

"ಅದು ಸಾಲದಾಯ್ತಾ ನಿಂಗೆ?"

ಅಂಗಡಿ ಹೋಗುವುದು ಒಂದು, ಇನ್ನೊಬ್ಬಳ ಮೇಲೆ ಗೂಬೆ ಕೂರಿಸಿದ್ದು ಮತ್ತೊಂದು. ಒಡತಿ ಕೈಚಾಚಿದಳು. ಅವನು ಬೀಗದ ಕೈ ಕೊಟ್ಟು ಹೊರನಡೆದ.

"ತಪ್ಪಾಯ್ತಮ್ಮ," ಎಂದು ಒಡತಿ ಟೇಪನ್ನು ಸೇಲ್ಸ್‌ನವಳಿಗೆ ಕೊಟ್ಟಳು. "ಬೇರೆ ನಕ್ಷೆ ಬರೆಯೋಣ, ಅಂಗಡಿ ಪೂರ್ತಿ ಹೊಸದಾಗಿ ಅಳೆ. ಹತ್ತು ಕಳೆಯೋದು ಮರೀಬೇಡ."