ರಿಯಾಟ್ ಗುಡ್ಡದ ಟೆಸ್ಟ್ ರೈಡ್

"ಹಿಂದೆ ಕೂತ್ಕೋ. ದುಡ್ಡೇನಿಲ್ಲ, ಫ್ರೀ."

ಒಡೇರಾ ಹೇಳಿದ್ದು ಇಷ್ಟೇ. ಅದೂ ಮೆಲ್ಲಗೆ, ಕಣ್ಣು ತಪ್ಪಿಸಿಕೊಂಡು. ಆದರೆ ಶೋರೂಮಿನ ಅಂಗಳದ ತುಂಬ ನಿಂತಿದ್ದ ಬೋಡಾ ಸವಾರರಿಗೆ, ಅಂದರೆ ಬಾಡಿಗೆ ಬೈಕು ಓಡಿಸುವವರಿಗೆ, ಅದು ಕೇಳಿಸಿಯೇಬಿಟ್ಟಿತು. ಒಬ್ಬ ಸಿಳ್ಳೆ ಹೊಡೆದ. ಅವನ ಹಿಂದೆಯೇ ಎಲ್ಲರೂ ಹೊಡೆದರು.

ಅಮೊಂಡಿಯ ಕಿವಿ ಬಿಸಿಯಾಯಿತು. ನಾಚಿಕೆಯಿಂದ ಅಂತ ಯಾರಾದರೂ ಅಂದುಕೊಂಡಿದ್ದರೆ ಅವರಂಥ ಪೆದ್ದರು ಕಿಸುಮು ಪಟ್ಟಣದಲ್ಲೇ ಇಲ್ಲ. ಅದು ಸಿಟ್ಟು. ಅಪ್ಪಟ ಸಿಟ್ಟು.

ಬೋಡಾ ಓಡಿಸುವವರಲ್ಲಿ ಒಂದು ಕಟ್ಟಳೆ ಇದೆ. ಹಿಂದೆ ಕೂತವರು ಹೆತ್ತ ತಾಯಿಯೇ ಆಗಲಿ, ಇಳಿದ ಮೇಲೆ ಒಂದು ನಾಣ್ಯವನ್ನಾದರೂ ಕೈಗಿಡಬೇಕು. ಅಂಥದ್ದರಲ್ಲಿ ಸವಾರನೊಬ್ಬ ಇಡೀ ಸ್ಟ್ಯಾಂಡಿನ ಎದುರು ಒಬ್ಬ ಹುಡುಗಿಗೆ 'ಕೂತ್ಕೋ, ದುಡ್ಡು ಬೇಡ' ಅಂದನೆಂದರೆ ಮುಗಿಯಿತು, ಅವಳನ್ನು ಮದುವೆಗೆ ಕೇಳಿದ ಹಾಗೆ. ಅವಳು ಕೂತಳೆಂದರೆ ಒಪ್ಪಿದ ಹಾಗೆ. ಸ್ಟ್ಯಾಂಡಿನ ಚೇರ್ಮನ್ ಒಬಾರೆ ತನ್ನ ಹೆಂಡತಿಯನ್ನು ಗೆದ್ದದ್ದೂ ಹಾಗೆಯೇ. ಆ ಕಥೆಯನ್ನು ಅವನು ಈಗಲೂ ದಿನಕ್ಕೊಂದು ಸಲ ಹೇಳುತ್ತಾನೆ.

ತಾನೂ ಬೋಡಾ ಓಡಿಸುವ ಅಮೊಂಡಿ ಈ ಮಾತಿಗಾಗಿ ಕಾದಿದ್ದಳು. ಸುಳ್ಳು ಯಾಕೆ ಹೇಳಬೇಕು? ಮಾಂಬೊಲೆಯೊ ಸ್ಟ್ಯಾಂಡಿನ ಸಾಲಿನಲ್ಲಿ ಅವನ ಪಕ್ಕದಲ್ಲೇ ಬೈಕು ನಿಲ್ಲಿಸುತ್ತಾ, ಅವನು ಮುರಿದ ಚಪಾತಿಯ ದೊಡ್ಡ ತುಂಡನ್ನೇ ಕಸಿದುಕೊಳ್ಳುತ್ತಾ, ಅವನು ಬೇರೆ ಕಡೆ ನೋಡುವಾಗ ಅವನ ಕತ್ತಿನ ಹಿಂಭಾಗವನ್ನು ನೋಡುತ್ತಾ ಕಾದಿದ್ದಳು.

ಈಗ ಹೇಳಿದ. ಯಾರದೋ ಕಂಪನಿಯ ಹಳದಿ ಅಂಗಿ ಹಾಕಿಕೊಂಡು, ಯಾರದೋ ಬೈಕಿನ ಮೇಲೆ ಕೂತು, ಯಾರದೋ ರೂಲ್ಸು ಅಂತ ಹೇಳಿದ!

"ಏನಂದೆ? ಇನ್ನೊಂದ್ಸಲ ಅನ್ನು."

"ನಾನಲ್ಲ ಕಣೇ, ಮ್ಯಾನೇಜರ್ ರೂಲ್ಸು. ಹೆಂಗಸ್ರು ಓಡ್ಸೋ ಹಾಗಿಲ್ವಂತೆ. ನಾನು ಓಡಿಸ್ಬೇಕಂತೆ, ನೀನು ಹಿಂದೆ..." ಆಗಷ್ಟೇ ಅವನಿಗೆ ಸಿಳ್ಳೆಗಳ ಕಾರಣ ಹೊಳೆಯಿತು. ಮುಖ ಬಾಡಿತು. "ಅಯ್ಯೋ, ನಾನು ಹಾಗೆ ಕೇಳಿದ್ದಲ್ಲ!"

"ಹಾಗೆ ಕೇಳಿದ್ದಲ್ವಾ?"

"ಅಂದ್ರೆ... ಕೇಳ್ಬಾರ್ದು ಅಂತೇನಲ್ಲ..."

"ಒಡೇರಾ, ಬಾಯಿ ಮುಚ್ಚು."

ಬೆಳಗಿನಿಂದಲೇ ಆ ಅಂಗಳ ಕೊತಕೊತ ಕುದಿಯುತ್ತಿತ್ತು. 'ಬನ್ನಿ, ಓಡಿಸಿ, ನೀವೇ ನೋಡಿ!' ಅಂತ ಊರೆಲ್ಲ ಪೋಸ್ಟರ್ ಅಂಟಿಸಿದ್ದರು. ಹೊಸ ಬ್ಯಾಟರಿ ಬೈಕು, ಪೆಟ್ರೋಲೇ ಬೇಡ, ಹಳೇ ಬೈಕು ಕೊಟ್ಟು ಇವತ್ತೇ ಹೊಸದು ಒಯ್ಯಿರಿ ಅಂತ. ಬಂದು ನೋಡಿದರೆ ಇಷ್ಟು ಜನಕ್ಕೆ ಎರಡೇ ಬೈಕು. ಒಬ್ಬೊಬ್ಬರಿಗೆ ಒಂದು ಬಿಸಿ ಸೋಡಾ. ಹಳೇ ಟೈರುಗಳನ್ನು ಇಟ್ಟು ಮಾಡಿದ ದಾರಿಯಲ್ಲಿ, ಅಂಗಳದೊಳಗೇ ಒಂದು ಸುತ್ತು. ಅದೂ ಕಂಪನಿಯ ಹುಡುಗ ಪಕ್ಕದಲ್ಲಿ ಓಡೋಡಿ ಬರುವಷ್ಟು ನಿಧಾನಕ್ಕೆ. ಗೇಟಿಗೆ ಸರಪಳಿ.

"ಇದು ಟೆಸ್ಟ್ ರೈಡಾ, ಮಗು ಆಡ್ಸೋ ತೊಟ್ಟಿಲಾ?"

"ನಮ್ಮಜ್ಜಿ ಮೀನಿನ ಬುಟ್ಟಿ ಹೊತ್ಕೊಂಡು ಇದಕ್ಕಿಂತ ಜೋರಾಗಿ ಹೋಗ್ತಾಳೆ!"

"ಸಾರ್, ಗುಡ್ಡ ಹತ್ತುತ್ತಾ ಇದು?"

ನೈರೋಬಿಯಿಂದ ಬಂದಿದ್ದ ಮ್ಯಾನೇಜರ್ ಮೈಕು ಹಿಡಿದು ಹಲ್ಲು ಬಿಟ್ಟ. "ಗುಡ್ಡ ಏನ್ರೀ, ಗೋಡೆ ಹತ್ತುತ್ತೆ!"

"ಹಾಗಾದ್ರೆ ಗೇಟ್ ತೆಗೀರಿ."

"ಇನ್ಶೂರೆನ್ಸ್ ಇಲ್ಲಪ್ಪಾ."

ಗೇಟಿನಾಚೆ ಎದ್ದು ನಿಂತಿತ್ತು ರಿಯಾಟ್ ಗುಡ್ಡ. ಅಮೊಂಡಿಯ ಅನ್ನವೆಲ್ಲ ಆ ಗುಡ್ಡದ ಮೇಲೇ ಇತ್ತು. ಮೇಲಿನ ಹೆಂಗಸರು ಬೇರೆ ಯಾರ ಬೈಕನ್ನೂ ಹತ್ತುತ್ತಿರಲಿಲ್ಲ. ಸಂತೆಯ ಮೂಟೆಯೊಂದಿಗೆ, ಬಸುರಿ ಹೊಟ್ಟೆಯೊಂದಿಗೆ, ಅಸೆಂಬೋ ಊರಿನ ಮಗಳು ಅಮೊಂಡಿಯೇ ಬರಲಿ ಅಂತ ಕಾಯುತ್ತಿದ್ದರು. ಅವಳ ಹಳೇ ಬೈಕು ಕೆಮ್ಮುತ್ತಾ ಉಗುಳುತ್ತಾ ಹತ್ತುತ್ತಿತ್ತು, ಆದರೆ ಹತ್ತುತ್ತಿತ್ತು. ಹೊಸದು ಹತ್ತದಿದ್ದರೆ ಅವಳ ಕಸುಬೇ ಹೋದ ಹಾಗೆ. ಅದನ್ನು ನೋಡಲೆಂದೇ ಸಂತೆಯ ದಿನದ ಬಾಡಿಗೆಯನ್ನೆಲ್ಲ ಬಿಟ್ಟು ಬಂದಿದ್ದಳು. ಬರಹೇಳಿದವನು ಇದೇ ಒಡೇರಾ. ಈ ನಾಲ್ಕು ದಿನಕ್ಕೆ ಶೋರೂಮಿನವರು ಅವನನ್ನು ಕೆಲಸಕ್ಕಿಟ್ಟುಕೊಂಡಿದ್ದರು. 'ಶನಿವಾರ ಬಾ, ಗುಡ್ಡಕ್ಕೆ ಬಿಡ್ತಾರೆ, ನಾನು ಕೇಳಿದೀನಿ' ಅಂತ ಎದೆ ತಟ್ಟಿ ಹೇಳಿದ್ದ.

"ಅಸೆಂಬೋ ಮಗಳೇ," ಚೇರ್ಮನ್ ಒಬಾರೆ ಕೂಗಿದ, "ಕೂತ್ಕೋತೀಯೋ ಇಲ್ವೋ? ಹುಡುಗ ಬೆವರ್ತಿದಾನೆ!"

ಮತ್ತೆ ನಗು.

ಅಮೊಂಡಿಯ ತಲೆ ಕೆಟ್ಟಿತು. ಸೀದಾ ಎಕ್ಸ್‌ಚೇಂಜ್ ಮೇಜಿನ ಹತ್ತಿರ ನಡೆದಳು. ಜೇಬಿನಿಂದ ತನ್ನ ಬೈಕಿನ ಕೀ ತೆಗೆದು ಮೇಜಿನ ಮೇಲೆ ಟಪ್ ಅಂತ ಇಟ್ಟಳು.

"ತಗೊಳ್ಳಿ ಸಾರ್. ಹಳೇದು ಇಟ್ಕೊಳ್ಳಿ, ಹೊಸದು ಕೊಡಿ. ನನಗೆ ಯಾವನ ಹಿಂದೇನೂ ಕೂರೋದು ಬೇಡ. ನನ್ನ ಬೈಕು, ನಾನೇ ಓಡಿಸ್ಕೋತೀನಿ."

ಮ್ಯಾನೇಜರನ ಕಣ್ಣು ಮಿನುಗಿತು. "ನೋಡಿ, ನೋಡಿ! ಗಂಡಸ್ರೇ, ಈ ತಾಯಿಗಿರೋ ಧೈರ್ಯ ನಿಮಗಿಲ್ವಲ್ಲ!"

ಅವನ ಕೈ ಕೀಯ ಕಡೆಗೆ ಚಾಚಿತು. ಅದಕ್ಕಿಂತ ಮೊದಲೇ ಇನ್ನೊಂದು ಕೈ ಬಂದು ಕೀ ಮುಚ್ಚಿತು. ಒಡೇರಾನದು.

"ಓಡಿಸ್ದೇ ಕೊಡ್ಬೇಡ."

"ಓಡ್ಸೋಕೆ ಬಿಡ್ದೋನು ನೀನೇ ಅಲ್ವೇನೋ?"

ಅವನು ಅವಳ ಕೀಯನ್ನು ಅವಳಿಗೇ ಕೊಟ್ಟ. ಅದರ ಮೇಲೆ ಬ್ಯಾಟರಿ ಬೈಕಿನ ಕೀಯನ್ನೂ ಇಟ್ಟ. ಆಮೇಲೆ ಸೀದಾ ಹೋಗಿ ಗೇಟಿನ ಸರಪಳಿ ಬಿಚ್ಚಿ, ಎರಡೂ ಬಾಗಿಲು ಹಾರು ಹೊಡೆದ.

"ಏಯ್! ಏನ್ ಮಾಡ್ತಿದೀಯ?" ಮ್ಯಾನೇಜರ್ ಮೈಕಿನಲ್ಲೇ ಕಿರುಚಿದ. ಇಡೀ ಮಾಂಬೊಲೆಯೊಗೆ ಕೇಳಿಸಿತು.

ಅಮೊಂಡಿ ಆಗಲೇ ಬೈಕು ಹತ್ತಿದ್ದಳು. "ಹಿಂದೆ ಯಾರು? ಗಿರಾಕಿ ಇಲ್ದೆ ಹತ್ತಿದ್ರೆ ಅದೇನು ಹತ್ತೋದು?"

"ನಾನು."

"ಮತ್ತೇನ್ ನೋಡ್ತಿದೀಯ, ಕೂತ್ಕೋ!"

ಅವನು ಕೂತ. ಈ ಸಲ ಯಾರೂ ಸಿಳ್ಳೆ ಹೊಡೆಯಲಿಲ್ಲ. ಹೊಡೆಯುವುದನ್ನೇ ಮರೆತಿದ್ದರು.

ಬೈಕು ಸದ್ದೇ ಇಲ್ಲದೆ ಜಾರಿತು. ಅಮೊಂಡಿ ಜೀವಮಾನದಲ್ಲಿ ಇಂಜಿನ್ನಿನ ಸದ್ದಿಲ್ಲದೆ ಗಾಳಿಯನ್ನು ಕೇಳಿದವಳಲ್ಲ. ಈಗ ಗಾಳಿ ಕೇಳಿಸಿತು. ಮರಗಳ ಹಕ್ಕಿ ಕೇಳಿಸಿತು. ಕಿವಿಯ ಹಿಂದೆ ಅವನ ಉಸಿರೂ ಕೇಳಿಸಿತು, ಒಂದೊಂದೂ. ಅದು ಕೇಳಿಸಬಾರದಿತ್ತು. ಸಿಟ್ಟಿನಲ್ಲಿದ್ದಾಗ ಅದೆಲ್ಲ ಕೇಳಿಸಲೇಬಾರದು.

"ಹ್ಯಾಗಿದೆ?" ಅವನು ಕೇಳಿದ.

"ಮಾತಾಡ್ಸ್‌ಬೇಡ."

ಮೊದಲ ತಿರುವನ್ನು ಬೈಕು ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ದಾಟಿತು. ಛೆ, ಎಷ್ಟು ಚಂದ ಇದೆ! ಸಿಟ್ಟಿನ ಮೇಲೆ ಇನ್ನೊಂದು ಸಿಟ್ಟು ಬಂತು, ಖುಷಿಯಾಗುತ್ತಿದೆಯಲ್ಲಾ ಅಂತ.

ಎರಡನೇ ತಿರುವಿನಲ್ಲಿ ಉಸಿರು ಕಟ್ಟಿತು. ಅವಳದಲ್ಲ, ಬೈಕಿನದು. ಕೈ ಎಷ್ಟು ತಿರುಗಿಸಿದರೂ ಮುಂದೆ ಹೋಗಲೊಲ್ಲದು. ಪ್ಲಾಸ್ಟಿಕ್ ಸುಟ್ಟ ವಾಸನೆ. ಮೀಟರಿನಲ್ಲಿ ಕೆಂಪು ದೀಪ ಹತ್ತಿತು. ಆಮೇಲೆ ಅದೂ ಆರಿ, ಬೈಕು ನಿಂತೇ ಹೋಯಿತು. ನಿಂತದ್ದಲ್ಲದೆ ಹಿಂದಕ್ಕೆ ಜಾರತೊಡಗಿತು.

ಒಡೇರಾ ಹಾರಿ ಇಳಿದು ಚಕ್ರದ ಹಿಂದೆ ಕಲ್ಲು ಕೊಟ್ಟ. ಎಷ್ಟು ಬೇಗ ಅಂದರೆ, ಕಲ್ಲು ಎಲ್ಲಿದೆ ಅಂತ ಹುಡುಕಲೂ ಇಲ್ಲ.

ಅಮೊಂಡಿ ಅದನ್ನು ನೋಡಿದಳು. ಕಲ್ಲನ್ನು ನೋಡಿದಳು. ಅವನನ್ನು ನೋಡಿದಳು.

"ನೀನು ಇಲ್ಲಿಗೆ ಬಂದಿದ್ದೆ."

ಅವನು ನೆಲ ನೋಡಿದ. "ನಿನ್ನೆ. ಇಲ್ಲೇ ನಿಂತೋಯ್ತು. ಹಿಂದೆ ಒಂದು ಮೂಟೆ ಕಟ್ಟಿದ್ದೆ."

"ಗೊತ್ತಿತ್ತು ನಿಂಗೆ!"

"ಗೊತ್ತಿತ್ತು."

ಗುಡ್ಡದಿಂದ ಇಳಿದು ಬರುತ್ತಿದ್ದ ಹೆಂಗಸರಿಬ್ಬರು ತಲೆಯ ಮೇಲಿನ ಬೋಗುಣಿ ಹಿಡಿದು ನಿಂತರು. "ಅಮೊಂಡೀ, ಇದ್ಯಾವ ಕತ್ತೆ ತಂದಿದೀಯೇ?"

"ಯಾವ್ದನ್ನ ಕೇಳ್ತಿದೀರಿ ಅಕ್ಕಾ? ಚಕ್ರ ಇರೋದನ್ನೋ, ಅಂಗಿ ಹಾಕಿರೋದನ್ನೋ?"

ಅವರು ಬಿದ್ದು ಬಿದ್ದು ನಗುತ್ತಾ ಇಳಿದುಹೋದರು. ಅಮೊಂಡಿ ನಗಲಿಲ್ಲ.

"ಯಾಕ್ ಹೇಳ್ಲಿಲ್ಲ?"

"ಬಾಯಿ ಮುಚ್ಕೊಂಡಿದ್ರೆ ಕೆಲಸ ಖಾಯಂ ಮಾಡ್ತೀನಿ ಅಂದ ಮ್ಯಾನೇಜರು." ಅವನ ದನಿ ಸಣ್ಣದಾಯಿತು. "ಶೋರೂಮಲ್ಲಿ ಕೆಲಸ ಅಂದ್ರೆ ನಿಮ್ಮಮ್ಮನ ಎದುರಿಗೆ ಬಂದು ನಿಲ್ಬೋದು ಅನ್ಕೊಂಡೆ. ಸ್ಟ್ಯಾಂಡಲ್ಲಿ ಸಾಲು ಕಾಯೋನಿಗೆ ಯಾರು ಹೆಣ್ಣು ಕೊಡ್ತಾರೆ?"

"ನಾನೂ ಸಾಲು ಕಾಯೋಳೇ ಅಲ್ವೇನೋ?"

ಅವನು ಬಗ್ಗಿ, ಚಕ್ರದ ಹಿಂದಿನ ಕಲ್ಲನ್ನು ಇನ್ನಷ್ಟು ಒತ್ತಿದ.

"ನನ್ನ ಪಕ್ಕ ನಿಂತ್ಕೊಳ್ಳೋ ಸಾಲು ನಿಂಗೆ ನಾಚಿಕೆ ಆಯ್ತಾ? ನನ್ನ ಮದುವೆ ಆಗೋಕೆ ನನ್ನ ಬೈಕನ್ನೇ ಗುಜರಿಗೆ ಹಾಕಿಸ್ತಿದ್ಯಾ?"

"ಇಲ್ಲ ಕಣೇ! ನೀನು ಕೀ ಇಟ್ಟಾಗ ಕೆಲಸ ಹಾಳಾಗ್ಲಿ ಅನ್ನಿಸ್ತು."

"ನಾನಲ್ದೆ ಬೇರೆ ಯಾರಾದ್ರೂ ಕೀ ಇಟ್ಟಿದ್ರೆ? ಒಬಾರೆ ಇಟ್ಟಿದ್ರೆ?"

ಸುಳ್ಳು ಹೇಳಬಹುದಿತ್ತು. ಅವನು ಹೇಳಲಿಲ್ಲ.

"ಸುಮ್ನೆ ಇರ್ತಿದ್ದೆ."

ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಬೆವರಿನಲ್ಲಿ ತೊಯ್ದ ಅವನ ಹುಬ್ಬನ್ನು ಒರೆಸಬೇಕು ಅಂತಲೂ ಅನಿಸಿತು. ಎರಡೂ ಒಂದೇ ಕೈಗೆ. ಆ ಕೈಯನ್ನು ಹ್ಯಾಂಡಲ್ ಮೇಲೇ ಬಿಗಿಯಾಗಿ ಇಟ್ಟುಕೊಂಡಳು.

"ಕೇಳಿಲ್ಲಿ. ನನಗೊಬ್ಳಿಗೇ ಒಳ್ಳೆಯವನಾಗಿರೋ ಗಂಡಸು ನಂಗೆ ಬೇಡ. ಕೆಳಗಿರೋರೆಲ್ಲ ನಮ್ಮ ಜೊತೆ ಮಳೆ ಬಿಸಿಲಲ್ಲಿ ನಿಂತೋರು. ಹೋಗಿ ಹೇಳು. ನಿನ್ನ ಬಾಯಿಂದ್ಲೇ."

"ಹೊಡೀತಾರೆ."

"ಹೊಡೆಸ್ಕೋ."

ಅವಳು ಬೈಕು ತಿರುಗಿಸಿದಳು. ಇಳಿಜಾರಿಗೆ ಮೋಟಾರು ಬೇಕಿರಲಿಲ್ಲ. ಹಿಂದೆ ಕೂತವನು ಅವಳನ್ನು ಮುಟ್ಟಲು ಹೆದರಿ ಸೀಟಿನ ಹಿಂದಿನ ಕಂಬಿ ಹಿಡಿದಿದ್ದ.

"ಬೀಳ್ತೀಯ. ಸರಿಯಾಗಿ ಹಿಡ್ಕೋ."

"ಎಲ್ಲಿ?"

"ಇಷ್ಟು ವರ್ಷ ಬೋಡಾ ಓಡಿಸಿದೀಯ, ಗಿರಾಕಿ ಎಲ್ಲಿ ಹಿಡ್ಕೋತಾರೆ ಅಂತ ಗೊತ್ತಿಲ್ವಾ?"

ಎರಡು ಕೈಗಳು ಹಗೂರಕ್ಕೆ ಅವಳ ಸೊಂಟದ ಮೇಲೆ ಕೂತವು, ಹೊಸಬರ ಮನೆಯ ಚಾಪೆಯ ಅಂಚಿನಲ್ಲಿ ಕೂತ ನೆಂಟರ ಹಾಗೆ. ಅವಳು ಬೇಕೆಂದೇ ಒಂದು ಗುಂಡಿಗೆ ಬೈಕು ಇಳಿಸಿದಳು. ಕೈ ಬಿಗಿಯಾಯಿತು. ಸಿಟ್ಟು ಮಾತ್ರ ಹಾಗೇ ಇತ್ತು.

ಗೇಟಿನಲ್ಲಿ ಎಲ್ಲರೂ ಕಾಯುತ್ತಿದ್ದರು. "ಹತ್ತಿತಾ? ಹತ್ತಿತಾ?" ಮ್ಯಾನೇಜರ್ ಓಡಿ ಬಂದು ಕೀ ಕಿತ್ತುಕೊಂಡ. "ನಿನ್ನ ಕೆಲಸ ಹೋಯ್ತು! ಅಂಗಿ ಬಿಚ್ಚು!"

ಒಡೇರಾ ಅಂಗಿ ಬಿಚ್ಚಿ ಅವನ ಹೆಗಲಿಗೇ ಹಾಕಿದ. ಒಳಗಿನ ಬನಿಯನ್ನಿಗೆ ಎರಡು ತೂತು. ಮೇಜಿನ ಮೇಲಿದ್ದ ಮೈಕು ಎತ್ತಿಕೊಂಡ. ಅದು ಕುಂಯ್ ಅಂತ ಕಿರುಚಿತು.

"ಹತ್ತಲಿಲ್ಲ. ಎರಡನೇ ತಿರುವಲ್ಲಿ ನಿಂತೋಯ್ತು. ನಿನ್ನೆನೂ ಅಲ್ಲೇ ನಿಂತಿತ್ತು. ನಂಗೆ ಗೊತ್ತಿತ್ತು. ಗೊತ್ತಿದ್ದೂ ಬೆಳಿಗ್ಗೆ ನಿಮ್ಮನ್ನೆಲ್ಲ ಬನ್ನಿ ಬನ್ನಿ ಅಂತ ಒಳಗೆ ಕರ್ದೆ."

ಅಷ್ಟೇ, ಬಂತು ನೋಡಿ. ಸೋಡಾ ಬಾಟಲಿಯೊಂದು ಅವನ ಕಿವಿ ಪಕ್ಕವೇ ಹಾರಿತು. ಬೈಕು ಸದ್ದಿಲ್ಲದೆ ಗೇಟು ದಾಟಿದ್ದಕ್ಕೇ ಮರುಳಾಗಿ ಆಮೇಲೆ ಕೀ ಕೊಟ್ಟಿದ್ದವರು ಮೇಜಿಗೆ ಮುಗಿಬಿದ್ದು ತಮ್ಮ ತಮ್ಮ ಕೀ ಹೆಕ್ಕಿಕೊಂಡರು. ಒಬಾರೆ ಬಂದು ಅವನ ಬನಿಯನ್ ಹಿಡಿದು ಅಲುಗಾಡಿಸಿದ.

"ನನ್ನ ಮಕ್ಕಳ ಹೊಟ್ಟೆ ಮೇಲೆ ಹೊಡೀತಿದ್ಯಲ್ಲೋ, ಅಡ್ನಾಡಿ! ಈಸ್ಟರ್‌ವರೆಗೂ ಸಾಲಿನ ಕೊನೇಲಿ ನಿಲ್ತೀಯ. ಯಾರೂ ನಿಂಗೆ ಗಿರಾಕಿ ಬಿಟ್ಕೊಡಲ್ಲ."

"ಸರಿ ಚೇರ್ಮನ್ರೇ."

"ದನಿ ಕೇಳಿಸ್ಲಿಲ್ಲ!"

"ಸರಿ ಅಂದೆ."

ಅವನ ಕೈಯಲ್ಲಿ ಮೈಕು ಇನ್ನೂ ಇತ್ತು. ಅವನು ಅಮೊಂಡಿಯ ಕಡೆ ತಿರುಗಿದ. "ಇನ್ನೊಂದು ಮಾತಿದೆ. ಅಸೆಂಬೋ ಅಮೊಂಡಿಗೆ. ನಾನು ಅವಳನ್ನ..."

ಅಮೊಂಡಿ ಎರಡೇ ಹೆಜ್ಜೆಗೆ ಬಂದು ಮೈಕಿನ ವಯರನ್ನೇ ಕಿತ್ತಳು.

"ತಪ್ಪು ಊರಿಗೆಲ್ಲ ಹೇಳು. ಇದನ್ನ ನನ್ನ ಕಿವಿಗೆ ಹೇಳು."

ಅವನು ಬಾಗಿ ಹೇಳಿದ. ಏನು ಹೇಳಿದ ಅಂತ ಒಬಾರೆಗೂ ಕೇಳಿಸಲಿಲ್ಲ, ಎಷ್ಟು ಹತ್ತಿರ ಬಂದು ಕತ್ತು ಚಾಚಿದರೂ. ಅಮೊಂಡಿಯ ಮೂಗಿನ ತುದಿ ಮಾತ್ರ ಬೆವರಿತು.

"ಮುಗೀತಾ?" ಅಂದಳು.

"ಮುಗೀತು."

"ನಾಳೆ ಭಾನುವಾರ, ಚರ್ಚಿನಿಂದ ಸೀದಾ ಅಸೆಂಬೋಗೆ, ನಮ್ಮಮ್ಮನ ಮನೆಗೆ ಬಾ. ನಿಮ್ಮ ಚಿಕ್ಕಪ್ಪನ್ನ ಕರ್ಕೊಂಡ್ಬಾ. ಮಾತಾಡೋದು ಅವರು, ನೀನಲ್ಲ. ನೀನು ಬಾಯಿ ತೆಗೆದಾಗ್ಲೆಲ್ಲ ಏನಾದ್ರೂ ಕೆಡಿಸ್ತೀಯ."

"ನಿಮ್ಮಮ್ಮ ಕೇಳಿದ್ರೆ, ಏನ್ ಕೆಲಸ ಅಂತ?"

"ಸಾಲಿನ ಕೊನೇಲಿ ನಿಲ್ಲೋ ಕೆಲಸ ಅನ್ನು. ಯಾಕೆ ನಿಂತಿದೀಯ ಅಂತ್ಲೂ ಹೇಳು. ಬೈತಾಳೆ. ಬೈಸ್ಕೊಂಡು ಮೀನು ಊಟ ಮಾಡ್ಕೊಂಡು ಬಾ."

"ಅಂದ್ರೆ... ನಿಂಗೆ ಸಿಟ್ಟಿಲ್ವಾ?"

"ಇದೆ! ಬೇಕಾದಷ್ಟಿದೆ!"

ಅವಳು ತನ್ನ ಹಳೇ ಬೈಕು ಹತ್ತಿ ಒದ್ದಳು. ಅದು ಕೆಮ್ಮಿ, ಉಗುಳಿ, ಎಲ್ಲರ ಮುಖಕ್ಕೂ ಹೊಗೆ ಬಿಟ್ಟು ಎದ್ದಿತು. ಗೇಟಿನಾಚೆ ಟೊಮೆಟೊ ಬುಟ್ಟಿ ಇಟ್ಟುಕೊಂಡು ಒಬ್ಬ ಮುದುಕಿ ಗುಡ್ಡದ ಮೇಲಕ್ಕೆ ಹೋಗಲು ಕಾದಿದ್ದಳು. ಅಮೊಂಡಿ ಬುಟ್ಟಿಯನ್ನು ಮುಂದೆ ಕಟ್ಟಿ, ಮುದುಕಿಯನ್ನು ಹಿಂದೆ ಕೂರಿಸಿಕೊಂಡು ಹೊರಟಳು. ಹಿಂದಿರುಗಿ ನೋಡಲಿಲ್ಲ. ಬನಿಯನ್ನಿನಲ್ಲಿ ನಿಂತವನು ಇನ್ನೂ ಅಲ್ಲೇ ನಿಂತಿದ್ದಾನೆ ಅಂತ ಬೆನ್ನಿಗೇ ಗೊತ್ತಾಗುತ್ತಿತ್ತು.

ಎರಡನೇ ತಿರುವಿನಲ್ಲಿ ಗೇರು ಇಳಿಸಿದಳು. ಬೈಕು ಬೈದುಕೊಳ್ಳುತ್ತಾ ಹತ್ತತೊಡಗಿತು.

"ಏನೇ ಮಗಳೇ," ಹಿಂದಿನಿಂದ ಮುದುಕಿ ಅವಳ ಹೆಗಲು ತಟ್ಟಿದಳು, "ಭುಜ ಕುಣೀತಿದೆ. ನಗ್ತಿದೀಯಾ?"

"ಇಲ್ಲಜ್ಜೀ," ಅಂದಳು ಅಮೊಂಡಿ. "ಸಿಟ್ಟು."