ಕಲ್ಲಿನ ಕಾಲಡಿಯ ಚಕ್ಕೆಗಳು

"ಮ್ಯಾಲೇಳವಾ. ಈ ಕಲ್ಲು ನಾಳೆ ಒಡಿಯೋದೈತಿ."

ಊಟದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಕೌಸರ ತಲೆಯೆತ್ತಿದಳು. ಎದುರಿಗೆ ಗುತ್ತಿಗೆದಾರ ಸುಣ್ಣದ ಪುಡಿಯ ಬುಟ್ಟಿ ಹಿಡಿದು ನಿಂತಿದ್ದ. ತಿಳವಳ್ಳಿಯ ಆ ಶಾಲೆಗೆ ಹೊಸ ಕಂಪೌಂಡ್ ಬರಲಿತ್ತು. ಅದಕ್ಕಾಗಿ ಎಳೆದ ಬಿಳಿ ಗೆರೆ ಅಂಗಳವನ್ನು ದಾಟಿ, ಅವಳು ಕುಳಿತಿದ್ದ ಕಲ್ಲಿನ ತಲೆಯನ್ನು ತುಳಿದುಕೊಂಡು ಮುಂದೆ ಹೋಗಿತ್ತು.

ಅದು ಶಾಲೆಯ ಬಾಗಿಲಿಗಿಂತ ಉದ್ದವಾದ ವೀರಗಲ್ಲು. ಯಾವ ಕಾಲದಲ್ಲೋ ಬೋರಲು ಬಿದ್ದಿತ್ತು. ಅದರ ಬೆನ್ನಿನ ಮೇಲೆ ಮೂರು ತಲೆಮಾರಿನ ಮಕ್ಕಳು ಕುಳಿತು ಉಂಡಿದ್ದರು. ಅದರ ಮುಖವನ್ನು ಮಾತ್ರ ಯಾರೂ ಕಂಡಿರಲಿಲ್ಲ. ಒಂದನೇ ತರಗತಿಯಿಂದಲೂ ಕೌಸರಳಿಗೆ ಅದೊಂದೇ ಆಸೆ. ಇದರ ಮುಖದಲ್ಲಿ ಏನಿದೆ, ಒಮ್ಮೆ ನೋಡಬೇಕು.

ಅವಳು ತಟ್ಟೆ ಹಿಡಿದುಕೊಂಡೇ ತರಗತಿಯ ಶಿಕ್ಷಕಿ ಅನ್ನವ್ವ ಅಕ್ಕೋರ ಹತ್ತಿರ ಓಡಿದಳು. ಅಕ್ಕೋರು ಸೆರಗು ಬಿಗಿದುಕೊಂಡು ಅಂಗಳಕ್ಕೆ ಬಂದರು. ಗುತ್ತಿಗೆದಾರ ತನ್ನ ಕಷ್ಟ ಹೇಳಿಕೊಂಡ. ಅಂಗನವಾಡಿಯ ಗೋಡೆಗೂ ಬೇವಿನ ಮರಕ್ಕೂ ನಡುವೆ ಕಲ್ಲೆತ್ತಲು ಜೆಸಿಬಿ ತೂರುವುದಿಲ್ಲ. ಒಡೆದು ಪಾಯಕ್ಕೆ ಹಾಕಿದರೆ ಕಲ್ಲೂ ಉಪಯೋಗಕ್ಕೆ ಬಂತು, ಗೋಡೆಯೂ ಎದ್ದಿತು.

"ಇದನ್ನ ನಿಲ್ಲಿಸಿದವ್ರು ನಮ್ಮ ಹಿರ್ಯಾರು. ಬಿದ್ದಮ್ಯಾಲೆ ಎಬ್ಬಸದಽ ಬಿಟ್ಟವ್ರು ನಾವು. ಬಿದ್ದವ್ರನ್ನ ಯಾರರ ಒಡೀತಾರೇನ್ರಿ?" ಎಂದರು ಅಕ್ಕೋರು. ಅವರ ದನಿ ಏರಲಿಲ್ಲ, ಆದರೆ ಮುಖ ಕೆಂಪಾಗಿತ್ತು.

ಗುತ್ತಿಗೆದಾರ ತಲೆ ಕೆರೆದುಕೊಂಡ. ನಾಳೆ ಸಂಜೆಯೊಳಗೆ ಕಲ್ಲು ಎದ್ದು ನಿಂತರೆ ಗೆರೆ ತೆರವಾಗುತ್ತದೆ, ತನ್ನದೇನೂ ತಕರಾರಿಲ್ಲ. ಏಳದಿದ್ದರೆ ಸುತ್ತಿಗೆ ಎಂದ.

ತರಗತಿಯಲ್ಲಿ ಅದೇ ಮಾತು. ಮೊದಲು ಇದನ್ನು ನಿಲ್ಲಿಸಿದವರು ಯಾರು ಎಂದು ಅಕ್ಕೋರು ಕೇಳಿದಾಗ ಸಾಗರ ಎದ್ದು ನಿಂತ.

"ಏಲಿಯನ್ಸ್‌ರೀ ಅಕ್ಕೋರ. ಯೂಟ್ಯೂಬ್‌ನ್ಯಾಗ ನೋಡೇನಿ."

"ಅವ್ರಿಗೆ ಹಾನಗಲ್ಲಿಂದ ಬಸ್ ಸಿಕ್ಕಿತ್ತೇನೋ?" ಎಂದರು ಅಕ್ಕೋರು.

ತರಗತಿಯೆಲ್ಲ ನಕ್ಕಿತು. ಅಕ್ಕೋರು ನಗಲಿಲ್ಲ. "ನಮ್ಮವ್ರ ಬೆವರನ್ನ ಆಕಾಶದವ್ರ ಹೆಸರಿಗೆ ಬರೀಬ್ಯಾಡಪ್ಪಾ" ಎಂದು ಹೇಳಿ ಬೋರ್ಡಿನ ಮೇಲೆ ಚಿತ್ರ ಬಿಡಿಸಿದರು. ಹಾರೆಯ ತುದಿಯನ್ನು ಕಲ್ಲಿನ ಕೆಳಗೆ ತೂರಿಸಿ ಮೀಟಬೇಕು. ಕಲ್ಲು ಬೆರಳಿನಷ್ಟು ಏಳುತ್ತದೆ. ಆ ಸಂದಿಗೆ ಚಕ್ಕೆ ಕಲ್ಲು ತುಂಬಬೇಕು. ಮತ್ತೆ ಮೀಟಬೇಕು, ಮತ್ತೆ ತುಂಬಬೇಕು. ಕಲ್ಲು ಅರ್ಧ ಎದ್ದ ಮೇಲೆ ಹಗ್ಗ ಕಟ್ಟಿ ಆಚೆಯಿಂದ ಎಳೆಯಬೇಕು. ದೊಡ್ಡ ದೊಡ್ಡ ಕಲ್ಲುಗಳನ್ನು ಜಗತ್ತಿನ ಎಷ್ಟೋ ಕಡೆ ಜನ ಹೀಗೆಯೇ ಎಬ್ಬಿಸಿರಬೇಕು ಎಂದರು.

ಅಕ್ಕೋರು ಹೇಳಿಕಳಿಸಿದ್ದರು; ಮರುದಿನ ಊರೇ ಬಂತು. ಕೌಸರಳ ಅಪ್ಪ ಮಲ್ಲಿಕಸಾಬ ಲಾರಿಯ ಹಗ್ಗ ತಂದ. ಮೆಕ್ಕೆಜೋಳದ ಚೀಲ ಹೊರುವ ಗುತ್ತೆಪ್ಪಜ್ಜ ತನ್ನ ಗುಂಪಿನೊಡನೆ ಹಾರೆ ಹಿಡಿದು ಬಂದ. ಕಲ್ಲಿನ ಬುಡದ ಹಳೆಯ ಗುಂಡಿಯನ್ನು ಕೆದಕಿದಾಗ ಮಣ್ಣಿನೊಳಗಿಂದ ಅಂಗೈಯಗಲದ ಚಕ್ಕೆಗಳು ಹೊರಬಿದ್ದವು. ಹಿಂದೆ ಕಲ್ಲನ್ನು ಬಿಗಿಯಾಗಿ ನಿಲ್ಲಿಸಲು ಯಾರೋ ತುಂಬಿದ್ದವು. ಅಕ್ಕೋರು ಅವನ್ನು ಜೋಪಾನವಾಗಿ ಪಕ್ಕಕ್ಕೆ ಇಡಿಸಿದರು.

ಮಕ್ಕಳಿಗೆ ಹಗ್ಗದ ತುದಿ ಸಿಕ್ಕಿತು. ಕೌಸರಳಿಗೆ ಮಾತ್ರ ಒಂದು ರಾಶಿ ಚಕ್ಕೆ, ಒಂದು ಉದ್ದನೆಯ ಕೋಲು. "ಕೈ ಒಳಗ ಹಾಕಬ್ಯಾಡ. ಕೋಲಿಲೆ ನೂಕು" ಎಂದು ಅಕ್ಕೋರು ಎಚ್ಚರಿಸಿದರು.

"ನಾವು ಕಲ್ಲು ಎಬ್ಬಸ್ತೇವಿ. ನೀ ಆ ಚಕ್ಕೀಲೆ ಹಳ್ಳಿನಾಟ ಆಡಕೋಂತ ಕುಂದ್ರು" ಎಂದು ಸಾಗರ ಹಲ್ಲು ಕಿಸಿದ.

ಗುತ್ತೆಪ್ಪಜ್ಜ ದನಿಯೆತ್ತಿ ಕರೆ ಕೊಟ್ಟ. ಎಲ್ಲರೂ "ಹೈಸಾ" ಎಂದು ಹಾರೆ ಮೀಟಿದರು. ಕಲ್ಲು ನರಳುತ್ತ ಎದ್ದಿತು. ಕೌಸರ ಚಕ್ಕೆ ನೂಕಿದಳು. ಮತ್ತೆ ಕರೆ, ಮತ್ತೆ ಚಕ್ಕೆ. ಬಿಸಿಲೇರಿತು. ಯಾರೋ ಮೊಬೈಲಿನಲ್ಲಿ ವಿಡಿಯೊ ತೆಗೆಯತೊಡಗಿದರು. ಫೋನು ಹಾರೆಗಳ ಕಡೆಗೆ, ಹಗ್ಗದ ಕಡೆಗೆ ತಿರುಗುತ್ತಿತ್ತು. ಕೌಸರಳ ಕಡೆಗೆ ಒಮ್ಮೆಯೂ ತಿರುಗಲಿಲ್ಲ.

ಕೌಸರ ಕೋಲನ್ನು ಕೆಳಗಿಟ್ಟಳು. ಹೋಗಿ ಸಾಗರನ ಪಕ್ಕದಲ್ಲಿ ಹಗ್ಗ ಹಿಡಿದಳು.

ಕರೆ ಬಂತು. ಕಲ್ಲು ಎದ್ದಿತು. ಸಂದಿ ಖಾಲಿಯಾಗಿಯೇ ಉಳಿಯಿತು. ಒಂದು ಹಾರೆ ಜಾರಿತು. ಕಲ್ಲು ಧಡ್ಡನೆ ಇಳಿದು, ಅವಳು ಹಿಂದೆ ತುಂಬಿದ್ದ ಚಕ್ಕೆಗಳ ಮೇಲೆ ಕುಳಿತಿತು. ಧೂಳೆದ್ದಿತು. ಹಾರೆಯ ಹಿಡಿಕೆ ಮಲ್ಲಿಕಸಾಬನ ಮುಂಗೈಗೆ ಬಡಿದು ಚರ್ಮ ಸುಲಿಯಿತು.

ಅಪ್ಪ ಕೈ ಝಾಡಿಸಿಕೊಳ್ಳುತ್ತಿದ್ದುದನ್ನು ಕಂಡು ಕೌಸರ ಹಗ್ಗ ಬಿಟ್ಟಳು. ಓಡಿ ಬಂದು ಕೋಲನ್ನು ಎತ್ತಿಕೊಂಡಳು.

"ನಂದಽ ತಪ್ಪು, ಅಜ್ಜಾ" ಎಂದಳು.

ಗುತ್ತೆಪ್ಪಜ್ಜ ಬೈಯಲಿಲ್ಲ. ಬಗ್ಗಿ ಚಕ್ಕೆಗಳ ಸಾಲನ್ನು ನೋಡಿದ. "ಇವು ಇದ್ದಿದ್ದಕ್ಕ ಕಲ್ಲು ನೆಲಕ್ಕ ಹೋಗಲಿಲ್ಲ, ಯವ್ವಾ. ನಮ್ಮ ರಟ್ಟಿಗೆ ಒಂದು ಉಸರಿನಷ್ಟಽ ತಾಕತ್ತು. ನೀ ತಯಾರಾದ್ಮ್ಯಾಲೆ ಹೇಳು, ಆಮ್ಯಾಲೆ ಕರೀತೇನಿ."

ಅಲ್ಲಿಂದ ಮುಂದೆ ಅಜ್ಜ ಪ್ರತಿ ಸಲವೂ ಮೊದಲು ಅವಳ ಮುಖ ನೋಡಿದ. ಅವಳು ತಲೆಯಾಡಿಸಿದ ಮೇಲೆಯೇ ಕರೆದ. ಸುಲಿದ ಕೈಯಲ್ಲೇ ಅಪ್ಪ ಮೀಟಿದ. ಸುಮ್ಮನೆ ನಿಂತಿದ್ದ ಗುತ್ತಿಗೆದಾರ ಯಾವಾಗ ಅಂಗಿಯ ತೋಳು ಮಡಚಿದನೋ, ಅವನ ಕೈಯಲ್ಲೂ ಒಂದು ಹಾರೆಯಿತ್ತು.

ಕೊನೆಯ ಎಳೆತಕ್ಕೆ ಅಕ್ಕೋರು ಕೌಸರಳನ್ನು ದೂರ ಕರೆದು ಒಂದು ಬದಿಗೆ ನಿಲ್ಲಿಸಿದರು. ಹಾರೆ ಹಿಡಿದಿದ್ದವರೂ ಹಗ್ಗಕ್ಕೆ ಸೇರಿ, ಎಳೆಯುವವರೆಲ್ಲ ಕಲ್ಲಿನ ಬೆನ್ನಿನ ಕಡೆಗಿದ್ದರು. ಹೀಗಾಗಿ ಕಲ್ಲು ಎದ್ದು ನಿಂತಾಗ ಅದರ ಮುಖವನ್ನು ಮೊದಲು ಕಂಡವಳು ಅವಳೇ. ಮಣ್ಣು ಮೆತ್ತಿದ ಒಬ್ಬ ವೀರ, ಅವನ ಹಿಂದೆ ಆಕಳುಗಳ ಹಿಂಡು, ಒಂದು ಕರು ತಾಯಿಯ ಹೊಟ್ಟೆಯ ಕೆಳಗೆ ಮೂತಿ ತೂರಿಸಿತ್ತು.

"ಏನೈತೇ? ಏನೈತಿ ಹೇಳ!" ಹಗ್ಗ ಹಿಡಿದೇ ಸಾಗರ ಕೂಗಿದ.

"ಕರು ಐತೋ" ಎಂದಳು. ಹೇಳುವಾಗ ಕಣ್ಣು ತುಂಬಿತು.

ಗುಂಡಿಗೆ ಚಕ್ಕೆ ತುಂಬಿ ಹಗ್ಗ ಬಿಚ್ಚಿದ ಮೇಲೆ ಜನ ಕಲ್ಲಿನ ಎದುರು ಫೋಟೊಗೆ ನೆರೆದರು. ಸಾಗರ ಅವಳಿಗೂ ಜಾಗ ಬಿಟ್ಟು ಕರೆದ. ಬರ್ತೇನಿ ಎಂದವಳು ಬುಡದ ಹತ್ತಿರವೇ ಕುಳಿತಿದ್ದಳು. ಹಳೆಯ ಚಕ್ಕೆಗಳಲ್ಲಿ ಒಂದು ಉಳಿದಿತ್ತು. ಅದರ ಅಂಚಿನಲ್ಲೊಂದು ಸಣ್ಣ ತಗ್ಗು. ಅವಳ ಹೆಬ್ಬೆರಳು ಅದರಲ್ಲಿ ಸರಿಯಾಗಿ ಕೂತಿತು.

ಹಿಂದೆ ಇದನ್ನು ಇಲ್ಲಿ ಇಟ್ಟವರು ಯಾರೋ. ಅವರ ಚಿತ್ರವನ್ನು ಕಲ್ಲಿನ ಮೇಲೆ ಯಾರೂ ಕೊರೆದಿರಲಿಲ್ಲ.

ಕೌಸರ ಚಕ್ಕೆಯನ್ನು ಕೊನೆಯ ಸಂದಿಗೆ ಇಳಿಸಿ, ಕೋಲಿನಿಂದ ಗುದ್ದಿ ಬಿಗಿ ಮಾಡಿದಳು. ಮೇಲೆ ಮಣ್ಣು ಎಳೆದಳು. "ಶುಕ್ರಿಯಾ" ಎಂದು ಯಾರಿಗೂ ಕೇಳಿಸದಂತೆ ಅಂದು, ಎರಡೂ ಅಂಗೈಗಳಿಂದ ಆ ಮಣ್ಣನ್ನು ತಟ್ಟಿದಳು.