ಹಳೇ ಕೇಳುಗನ ಒಂದು ನಕ್ಷತ್ರ

ಬೆಳಿಗ್ಗೆ ಹತ್ತೂವರೆಗೆ ದಿನವೂ ಅವನ ಎದೆ ಒಮ್ಮೆ ಧಸಕ್ಕೆನ್ನುತ್ತಿತ್ತು. ಎರಡು ವರ್ಷವಾದರೂ ಅದಕ್ಕೆ ಅಭ್ಯಾಸವಾಗಿರಲಿಲ್ಲ.

ಗಾಜಿನ ಆಚೆ, ಗೋಡೆಗೆಲ್ಲ ಬೂದು ಸ್ಪಂಜು ಅಂಟಿಸಿದ ಪುಟ್ಟ ಕೋಣೆಯಲ್ಲಿ, ಅವಳು ಆಡಿಯೋ ಪುಸ್ತಕ ಓದಲು ಹೆಡ್‌ಫೋನ್ ಹಾಕಿಕೊಂಡು ಮೈಕಿನ ಮುಂದೆ ಕೂರುತ್ತಿದ್ದಳು. ಹಸಿರು ಸೇಬಿನ ಒಂದು ಹೋಳು ಬಾಯಿಗೆ ಹೋಗುತ್ತಿತ್ತು. ಓದುವಾಗ ನಾಲಿಗೆ ಅಂಟುವ ಸದ್ದು ಸೇಬಿನಿಂದ ಕಡಿಮೆಯಾಗುತ್ತದೆ. ಆಮೇಲೆ ದನಿಯ ಮಟ್ಟ ಹೊಂದಿಸಲು ನಾಲ್ಕು ಸಾಲು ಏನಾದರೂ ಓದಬೇಕು. ಬೇರೆಯವರಾದರೆ ಒಂದು, ಎರಡು, ಮೂರು ಎಂದು ಎಣಿಸುತ್ತಾರೆ. ಇವಳು ಫೋನು ತೆರೆದು, ತನ್ನ ಮೇಲೆ ಬಂದ ಅತಿ ಕೆಟ್ಟ ವಿಮರ್ಶೆಯನ್ನು ಓದುತ್ತಿದ್ದಳು.

"ಒಂದು ನಕ್ಷತ್ರ. ಅದೂ ಬರೆದವರ ಮುಖ ನೋಡಿ. ಮೂರು ಭಾಗ ನಮ್ಮ ಜೊತೆಗಿದ್ದ ದನಿಯನ್ನು ತೆಗೆದುಹಾಕಿ ಇದ್ಯಾರನ್ನು ತಂದು ಕೂರಿಸಿದ್ದೀರಿ? ಪ್ರತಿ ಪದವೂ ಸ್ಪಷ್ಟ, ಪ್ರತಿ ಪದವೂ ಸಪ್ಪೆ. ದೋಣಿ ಅಜ್ಜಿ ಅಳುವಾಗಲೂ ಪ್ಲಾಟ್‌ಫಾರ್ಮ್ ಸಂಖ್ಯೆ ಕೂಗಿದಂತೆ ಕೇಳುತ್ತದೆ. ಈ ದನಿ ಯಾವತ್ತೂ ಯಾರನ್ನೂ ಕಳೆದುಕೊಂಡಿಲ್ಲ. ಇಂತಿ, ಹಳೇ ಕೇಳುಗ."

ಓದಿ ಮುಗಿಸಿ, ಒಂದೇ ಒಂದು ಹುಬ್ಬು ಎತ್ತಿ, ಗಾಜಿನಾಚೆಯಿಂದ ಅವನನ್ನು ನೋಡುತ್ತಿದ್ದಳು.

"ಲೆವೆಲ್ ಸರಿ ಇದೆಯಾ, ಕತ್ತರಿ ಸಾಹೇಬ್ರೆ?"

ಅವನು ಬಟನ್ ಒತ್ತಿ ಸರಿ ಇದೆ ಎನ್ನುತ್ತಿದ್ದ. ಕಣ್ಣು ಮಾತ್ರ ಮೀಟರಿನ ಮೇಲಿರುತ್ತಿತ್ತು, ಅವಳ ಮೇಲಲ್ಲ. ಏಕೆಂದರೆ ಹಳೇ ಕೇಳುಗ ಅವನೇ.

ಕತ್ತರಿ ಎಂಬುದು ಅವಳು ಇಟ್ಟ ಹೆಸರು. ಅವನ ಕೆಲಸವೇ ಅದು. ಅವಳು ಓದಿದ್ದರಲ್ಲಿ ಕೆಮ್ಮು, ತಡವರಿಕೆ, ಕುರ್ಚಿಯ ಕಿರ್ ಸದ್ದು, ಎರಡು ವಾಕ್ಯಗಳ ನಡುವಿನ ಉಸಿರು, ಎಲ್ಲವನ್ನೂ ಕತ್ತರಿಸಿ ತೆಗೆಯುವುದು. ತೆಗೆದ ಜಾಗವನ್ನು ಖಾಲಿ ಬಿಡುವ ಹಾಗಿಲ್ಲ, ಬಿಟ್ಟರೆ ಕಿವಿಗೆ ಗುಂಡಿಗೆ ಬಿದ್ದಂತಾಗುತ್ತದೆ. ಅದಕ್ಕೆಂದೇ ದಿನವೂ ಓದು ಶುರುವಾಗುವ ಮೊದಲು ಮೂವತ್ತು ಸೆಕೆಂಡು ಕೋಣೆಯ ಮೌನವನ್ನು ರೆಕಾರ್ಡ್ ಮಾಡಿಟ್ಟುಕೊಳ್ಳುತ್ತಾರೆ. ಆಗ ಅವಳು ಅಲುಗಾಡದೆ ಕೂರಬೇಕು, ಇವನೂ ಕೂರಬೇಕು. ಕಣ್ಣಿಗೆ ಬೇರೇನೂ ಕೆಲಸವಿರುವುದಿಲ್ಲ. ಮೊದಮೊದಲು ಅವಳು ತನ್ನ ಉಗುರು ನೋಡಿಕೊಳ್ಳುತ್ತಿದ್ದಳು, ಅವನು ಗಡಿಯಾರ ನೋಡುತ್ತಿದ್ದ. ಈಚೆಗೆ ಇಬ್ಬರೂ ಉಗುರು, ಗಡಿಯಾರ ಎರಡನ್ನೂ ಮರೆತಿದ್ದರು.

ಆ ವಿಮರ್ಶೆ ಬರೆದಾಗ ಅವನು ಈ ಸ್ಟುಡಿಯೋದಲ್ಲಿ ಇರಲಿಲ್ಲ, ಅವಳ ಪರಿಚಯವೂ ಇರಲಿಲ್ಲ. ಅದಕ್ಕೂ ಮೊದಲು ಅವನಿಗೆ ಇದ್ದದ್ದು ಅಪ್ಪ. ಕಣ್ಣು ಪೂರ್ತಿ ಹೋದ ಮೇಲೆ ಅಪ್ಪನಿಗೆ ಉಳಿದದ್ದು ಒಂದೇ ಹುಚ್ಚು, 'ನೆರಳು ಮಾರುವವರು' ಎಂಬ ಆರು ಭಾಗಗಳ ಮಾಯಾಕಥೆ. ಜನರು ತಮ್ಮ ನೆರಳನ್ನೇ ಒತ್ತೆಯಿಡುವ ಒಂದು ನಾಡು, ಅವರನ್ನು ಹೊಳೆ ದಾಟಿಸುವ ಒಬ್ಬ ದೋಣಿ ಅಜ್ಜಿ. ಒಂದು ಇಯರ್‌ಫೋನು ಅಪ್ಪನ ಕಿವಿಗೆ, ಇನ್ನೊಂದು ಮಗನ ಕಿವಿಗೆ. ಮೂರು ಭಾಗ ಹಾಗೆ ಮುಗಿದವು. ನಾಲ್ಕನೆಯದು ಬರುವ ಹದಿನೈದು ದಿನ ಮೊದಲು ಅಪ್ಪ ಹೋದರು. ಅವನು ಒಬ್ಬನೇ ಎರಡೂ ಇಯರ್‌ಫೋನು ಹಾಕಿಕೊಂಡು ಕೂತಾಗ, ಅಪ್ಪ ಕೇಳುತ್ತಿದ್ದ ಆ ಮುದಿ ದನಿಯೂ ಇರಲಿಲ್ಲ. ಓದುತ್ತಿದ್ದವರ ಗಂಟಲು ಕೆಟ್ಟು ಅವರು ಬಿಟ್ಟುಬಿಟ್ಟಿದ್ದರು. ಬೇರೆ ಯಾರೋ ಹೆಂಗಸು. ಯಾರ ಮೇಲಿದ್ದ ಸಿಟ್ಟೋ, ಅವಳ ಮೇಲೆ ತೀರಿಸಿಕೊಂಡ.

ಮೂರು ಸಾವಿರಕ್ಕೂ ಮಿಕ್ಕಿ ಜನ ಅದರ ಕೆಳಗೆ 'ಉಪಯುಕ್ತ' ಎಂದು ಒತ್ತಿದರು. ಅದು ಆ ಪುಟದ ನೆತ್ತಿಯ ಮೇಲೆ ಹೋಗಿ ಕೂತಿತು.

ಕೇಳುಗರ ಮನಸ್ಸೋ, ಅದಕ್ಕೆ ಒಂದು ನೆಲೆಯಿಲ್ಲ. ಎರಡನೇ ಭಾಗ ಎಳೆದೂ ಎಳೆದೂ ಸಾಯಿಸುತ್ತದೆ ಎಂದು ಬೈದವರೇ ಈಗ ಅದರ ನಿಧಾನದಲ್ಲೇ ಸೊಗಸಿದೆ ಎಂದು ಬರೆಯುತ್ತಿದ್ದರು. ಐದನೇ ಭಾಗದಲ್ಲಿ ದೋಣಿ ಅಜ್ಜಿಯನ್ನು ಸಾಯಿಸಿದ್ದಕ್ಕೆ ಲೇಖಕರ ಮೇಲೆ ಹರಿಹಾಯ್ದವರು, ಆರು ತಿಂಗಳಾದ ಮೇಲೆ ಅದೇ ಅಧ್ಯಾಯವನ್ನು ನಾಲ್ಕು ಸಲ ಕೇಳಿ ಅತ್ತೆವೆಂದರು. ಹೊಸ ದನಿ ಬೇಡವೇ ಬೇಡ ಎಂದು ಸಹಿ ಸಂಗ್ರಹಿಸಿದ ಒಬ್ಬರು, ಹಳೆಯ ಮೂರನ್ನೂ ಇವಳೇ ಮತ್ತೆ ಓದಲಿ ಎಂದು ಇನ್ನೊಂದು ಸಹಿ ಸಂಗ್ರಹ ಶುರುಮಾಡಿದರು. ಬದಲಾಗದೆ ಉಳಿದದ್ದು ಹಳೇ ಕೇಳುಗನ ಒಂದು ನಕ್ಷತ್ರ ಮಾತ್ರ. ಅವನಿಗೆ ಅದನ್ನು ಮುಟ್ಟಲು ಭಯ. ಮುಟ್ಟಿದರೆ ಯಾರಾದರೂ ಯಾಕೆಂದು ಕೇಳಿಯಾರು, ಕೇಳಿದರೆ ಅವಳಿಗೆ ಗೊತ್ತಾದೀತು, ಗೊತ್ತಾದರೆ ಬೆಳಗಿನ ಆ ಮೂವತ್ತು ಸೆಕೆಂಡು ಹೋದೀತು.

ಅಷ್ಟರಲ್ಲಿ ಮೊದಲ ಮೂರು ಭಾಗ ಓದಿದ್ದ ಆ ಹಳಬರ ಗಂಟಲು ವಾಸಿಯಾಯಿತು. ಕೊನೆಯ ಭಾಗ ಯಾರ ದನಿಯಲ್ಲಿ ಎಂಬ ಮಾತು ಎದ್ದಿತು. ಪ್ರಕಾಶಕಿ ನೇರ ಮನುಷ್ಯೆ. ಇಬ್ಬರೂ ಮೊದಲ ಅಧ್ಯಾಯ ಓದಿ ಕೊಡಲಿ, ಕೇಳುಗರ ಅಭಿಪ್ರಾಯವನ್ನೂ ನೋಡಿ ಸೋಮವಾರ ತೀರ್ಮಾನ ಹೇಳುತ್ತೇನೆ ಎಂದರು. ಹಳಬರು ಬುಧವಾರವೇ ಓದಿ ಹೋದರು. ಇವಳ ಸರದಿ ಶುಕ್ರವಾರ.

ಗುರುವಾರ ಮಧ್ಯಾಹ್ನ ಇಬ್ಬರೂ ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚಿದ್ದರು. ಅವಳು ತಿನ್ನುತ್ತಿರಲಿಲ್ಲ. ಗಂಡನೆಂಬುವವನು ಬೇರೆ ಊರು, ಬೇರೆ ಸಂಸಾರ ಸೇರಿ ನಾಲ್ಕು ವರ್ಷ. ಮಗಳು ಒಂದನೇ ಕ್ಲಾಸು. ಈ ಕೆಲಸ ಕೈಬಿಟ್ಟರೆ ಮತ್ತೆ ಔಷಧಿ ಅಂಗಡಿಯ ಕೌಂಟರಿಗೆ ಹೋಗಬೇಕೆಂದು ಅವಳು ಹಿಂದೆಯೇ ಹೇಳಿದ್ದಳು. ಆದರೆ ಅಂದು ಹೆದರಿದ್ದು ಅದಕ್ಕಲ್ಲ.

"ಮೂರು ಸಾವಿರ ಜನ ಬೈದ್ರೂ ನಾನು ನಿದ್ದೆ ಮಾಡ್ತೀನಿ," ಎಂದಳು. "ಅವನೊಬ್ಬನ ಮಾತು ಬಿಡಲ್ಲ ನನ್ನ."

"ಯಾರು?"

"ಹಳೇ ಕೇಳುಗ. ತಮಾಷೆಗೆ ದಿನಾ ಓದ್ತೀನಿ ಅನ್ಕೊಂಡಿದ್ದೀರಾ? ಒಂದಿನ ಓದದೆ ಇದ್ರೆ, ಅಧ್ಯಾಯದ ಮಧ್ಯೆ ಎಲ್ಲೋ ಬಂದು ಹಿಂದಿಂದ ಹಿಡ್ಕೊಳ್ಳುತ್ತೆ. ಅವನು ಹೇಳಿದ್ದು ನಿಜ ಇದ್ರೆ?"

ಅವನು ಡಬ್ಬಿಯ ಮುಚ್ಚಳವನ್ನು ಹಾಕಿದ, ತೆಗೆದ, ಮತ್ತೆ ಹಾಕಿದ. ಹೇಳಿಬಿಡಬೇಕಾದ ಗಳಿಗೆ ಅದೇ. ಬಾಯಿ ತೆರೆದ. ಅವಳ ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು ಕಾಣಿಸಿತು. ಬಾಯಿ ಮುಚ್ಚಿದ.

ಸಂಜೆ ಬಸ್ಸಿನಲ್ಲಿ, ಒಂದು ಕೈಯಲ್ಲಿ ಮೇಲಿನ ಕಂಬಿ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಲ್ಲಿ ಎರಡೂವರೆ ವರ್ಷದ ಹಿಂದಿನ ಆ ಮಾತುಗಳನ್ನು ಅಳಿಸಿ ಹೊಸದಾಗಿ ಬರೆದ. ಇಳಿಯಬೇಕಾದ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಹೋಗಿದ್ದ. ಐದು ನಕ್ಷತ್ರ.

ಶುಕ್ರವಾರ ಹತ್ತೂವರೆ. ಸೇಬಿನ ಹೋಳು. ಹೆಡ್‌ಫೋನು. ಅವಳು ಫೋನು ತೆರೆದಳು, ಕಣ್ಣು ಕಿರಿದು ಮಾಡಿದಳು, ಆಮೇಲೆ ಮೆಲ್ಲನೆ ಓದತೊಡಗಿದಳು.

"ಐದು ನಕ್ಷತ್ರ. ನಾನು ತಪ್ಪು ಬರೆದಿದ್ದೆ. ಅಂದು ನನ್ನ ಕಿವಿಯಲ್ಲಿ ಬೇರೊಂದು ದುಃಖ ತುಂಬಿತ್ತು, ಈ ದನಿಗೆ ಒಳಗೆ ಬರಲು ಜಾಗವಿರಲಿಲ್ಲ. ಐದನೇ ಭಾಗದ ಹತ್ತೊಂಬತ್ತನೇ ಅಧ್ಯಾಯ ಕೇಳಿ. ದೋಣಿ ಅಜ್ಜಿ ಹುಟ್ಟು ಕೆಳಗಿಟ್ಟ ಮೇಲೆ ಈ ದನಿ ಒಂದು ಉಸಿರು ಎಳೆದುಕೊಳ್ಳುತ್ತದೆ, ಎಳೆದದ್ದು ನಡುವೆಯೇ ಮುರಿಯುತ್ತದೆ. 'ತಾಳು, ತಾಳು' ಎಂದು ತನಗೆ ತಾನೇ..."

ಅಲ್ಲಿಗೆ ನಿಂತಳು.

ಕಾರಣ ಅವನಿಗೆ ಆ ಕ್ಷಣಕ್ಕೆ ಹೊಳೆಯಿತು. ಆ ಉಸಿರು ಪುಸ್ತಕದಲ್ಲಿ ಇಲ್ಲ. ಆ 'ತಾಳು, ತಾಳು' ಕೂಡ ಇಲ್ಲ. ಅವಳು ಓದುತ್ತ ಓದುತ್ತ ಕಟ್ಟಿಬಂದ ಗಂಟಲಿಗೆ ತಾನೇ ಹೇಳಿಕೊಂಡ ಮಾತದು. ಅದನ್ನು ಕತ್ತರಿಸಿ, ಮೌನದ ತೇಪೆ ಹಾಕಿದವನು ಅವನೇ. ಕತ್ತರಿಸಿದ ತುಣುಕನ್ನು ಎಷ್ಟು ಸಲ ಕೇಳಿದ್ದನೆಂದರೆ, ಲೋಕಕ್ಕೆಲ್ಲ ಅದು ಕೇಳಿಸಿದೆ ಎಂದೇ ನಂಬಿಬಿಟ್ಟಿದ್ದ. ಅದನ್ನು ಕೇಳಿದವರು ಇಡೀ ಭೂಮಿಯ ಮೇಲೆ ಇಬ್ಬರೇ. ಇಬ್ಬರೂ ಈಗ ಗಾಜಿನ ಆಚೆ ಈಚೆ ಕೂತಿದ್ದರು.

ಅವಳು ತಲೆಯೆತ್ತಲಿಲ್ಲ. ಫೋನನ್ನು ಮಗುಚಿಟ್ಟಳು. ಹೆಡ್‌ಫೋನಿನಲ್ಲಿ ಅವಳ ದನಿ ಅವನ ಕಿವಿಯೊಳಗೇ ಹುಟ್ಟಿದಂತೆ ಬಂತು.

"ಮೌನ ತಗೊಳ್ಳಿ."

ಮೂವತ್ತು ಸೆಕೆಂಡು. ಅವನು ಗಡಿಯಾರ ನೋಡಿದ. ಅವಳು ಉಗುರು ನೋಡಿಕೊಂಡಳು.

ಆಮೇಲೆ ಅಧ್ಯಾಯ ಓದಿದಳು. ದೋಣಿಯ ಕೆಳಗೆ ಅಡಗಿ ಕೂತ ಹುಡುಗಿ, ಮೇಲೆ ನಡೆದಾಡುವ ಹೆಜ್ಜೆಗಳು, ತನ್ನವರೆಂದುಕೊಂಡವರ ಗುರುತೇ ಸಿಗದ ಕತ್ತಲು. ಅಷ್ಟು ನಿಜವಾಗಿ ಹೆದರಿದ ದನಿಯನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲ. ಅದರಲ್ಲಿ ಎಷ್ಟು ಪಾಲು ಆ ಹುಡುಗಿಯದು, ಎಷ್ಟು ತನ್ನಿಂದ ಬಂದದ್ದು ಎಂದು ಯೋಚಿಸುವ ಧೈರ್ಯವೂ ಆಗಲಿಲ್ಲ.

ಮೂರು ಗಂಟೆಗೆ ಅವಳು ಕೋಣೆಯಿಂದ ಹೊರಗೆ ಬಂದು ಅವನ ಮೇಜಿನ ಪಕ್ಕ ನಿಂತಳು.

"ಎರಡು ವರ್ಷ ದಿನಾ ಇಲ್ಲಿ ಕೂತು ಕೇಳಿದ್ರಿ."

"ಹೂಂ."

"ಲೆವೆಲ್ ಸರಿ ಇದೆ ಅಂದ್ರಿ."

ಅವನು ಅಪ್ಪನ ವಿಷಯ ಹೇಳಿದ. ಎರಡು ಇಯರ್‌ಫೋನಿನ ವಿಷಯ ಹೇಳಿದ. ಹೇಳುತ್ತಿದ್ದಂತೆ ಅದು ಕಾರಣವೇ ಹೊರತು ಕ್ಷಮೆಯಲ್ಲ ಎಂದು ಅವನಿಗೇ ಕೇಳಿಸುತ್ತಿತ್ತು. ಮೊದಲ ದಿನವೇ ಹೇಳಬೇಕಿತ್ತು, ಹೇಳಿದರೆ ನೀವು ಎದ್ದು ಹೋಗುತ್ತೀರಿ ಅಂತ ಹೆದರಿದೆ ಎಂದ.

"ಮೊದಲನೇ ದಿನ ಎದ್ದು ಹೋಗಿದ್ರೆ ನಿಮಗೇನು ನಷ್ಟ? ಆಗ ನಾನು ಯಾರು ನಿಮಗೆ?" ಎಂದಳು. ಉತ್ತರಕ್ಕೆ ಕಾಯದೆ ಮುಂದಿನದನ್ನು ಕೇಳಿದಳು. "ಆ ಉಸಿರನ್ನ ಯಾಕೆ ಇಟ್ಕೊಂಡ್ರಿ? ಕತ್ತರಿಸಿದ್ದನ್ನ ಬಿಸಾಡೋದು ತಾನೆ ನಿಮ್ಮ ಕೆಲ್ಸ?"

ಅವನು ಕೀಬೋರ್ಡಿನ ಒಂದು ಅಕ್ಷರವನ್ನೇ ನೋಡುತ್ತ ಹೇಳಿದ:

"ನಿಮ್ಮದು ಒಂದೂ ಬಿಸಾಡಿಲ್ಲ. ಕೆಮ್ಮಿದ್ದು, ನಕ್ಕಿದ್ದು, 'ಅಯ್ಯೋ ಮತ್ತೆ ತಪ್ಪಿದೆ' ಅಂದಿದ್ದು, ಎಲ್ಲಾ ಇದೆ. ಬೇಡ ಅಂದ್ರೆ ಈಗ್ಲೇ ಅಳಿಸ್ತೀನಿ."

ಅವಳ ಕಿವಿಯ ತುದಿ ಕೆಂಪಾಗಿತ್ತು. ಅದು ಸಿಟ್ಟೋ ಬೇರೇನೋ ಎಂದು ಅವನಿಗೆ ತಿಳಿಯಲಿಲ್ಲ.

"ಅದು ಆಮೇಲೆ. ಮೊದ್ಲು ಆ ಐದು ನಕ್ಷತ್ರ ಅಳಿಸಿ. ನನ್ನ ಕೆಲ್ಸ ತಿದ್ದೋರು ನನಗೆ ಅಂಕ ಕೊಡೋ ಹಾಗಿಲ್ಲ. ಕೊನೇ ಭಾಗ ಬಂದ್ರೆ ನನ್ನ ಗಂಟಲಿಂದ ಬರಲಿ, ನಿಮ್ಮ ಹೆಬ್ಬೆರಳಿಂದ ಬೇಡ."

ಅವಳೆದುರಿಗೇ ಅಳಿಸಿದ. ಮೂರು ಸಾವಿರ 'ಉಪಯುಕ್ತ'ವೂ ಅದರ ಜೊತೆಗೇ ಮಾಯವಾದವು. ಅವಳು ಚೀಲ ಹೆಗಲಿಗೆ ಹಾಕಿಕೊಂಡಳು.

"ಹೋಗ್ತಿದ್ದೀರಾ?" ಎಂದ. ಆ ಪ್ರಶ್ನೆಯಲ್ಲಿ ಅವನ ಎರಡು ವರ್ಷದ ಭಯವೆಲ್ಲ ಇತ್ತು.

"ಮೂರೂಕಾಲಿಗೆ ಮಗಳ ಶಾಲೆ ಬಿಡುತ್ತೆ," ಎಂದಷ್ಟೇ ಹೇಳಿ ಬಾಗಿಲು ಎಳೆದುಕೊಂಡಳು.

ಶನಿವಾರ ಅವನು ಅಕ್ಕನ ಮನೆಗೆ ಹೋಗಿ, ಕೇಳಿದ್ದಕ್ಕೆಲ್ಲ ಹೂಂ ಎಂದು ಬಂದ. ಭಾನುವಾರ ಅಕ್ಕನೇ ಫೋನು ಮಾಡಿ, ಲೋ, ನಿನ್ನೆ ನಿನ್ನ ಮೈ ಮಾತ್ರ ಬಂದಿತ್ತು, ಮಿಕ್ಕಿದ್ದು ಯಾವಾಗ ಬರುತ್ತೆ ಎಂದು ಕೇಳಿದಳು.

ಸೋಮವಾರ ಒಂಬತ್ತಕ್ಕೆ ಪ್ರಕಾಶಕಿಯ ಫೋನು. ಹಳೇ ಕೇಳುಗನ ವಿಮರ್ಶೆಯೇ ಪುಟದಿಂದ ಕಾಣೆಯಾಗಿದೆಯಂತೆ, ಜನ ಅದಕ್ಕೂ ಎರಡು ಬಣ ಮಾಡಿಕೊಂಡು ಜಗಳ ಆಡುತ್ತಿದ್ದಾರಂತೆ. ಏನಾದರೂ ಮಾಡಿಕೊಳ್ಳಲಿ, ನಾನು ಆ ಅಧ್ಯಾಯ ಕೇಳಿ ಮುಗಿಸುವಷ್ಟರಲ್ಲಿ ತೀರ್ಮಾನ ಮಾಡಿ ಆಗಿತ್ತು, ಕೊನೆಯ ಭಾಗ ಅವಳದ್ದೇ ಎಂದರು. ಅವನು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಮಾತು ಸೇರಿಸಿದರು. "ಎಡಿಟಿಂಗ್ ಬಗ್ಗೆ ಅವಳದೊಂದು ಷರತ್ತಿದೆಯಂತಪ್ಪ. ನಿಂಗೇ ಹೇಳ್ತಾಳಂತೆ."

ಅವನಿಗೆ ಅರ್ಥವಾಯಿತು. ಡ್ರಾಯರಿನಲ್ಲಿದ್ದ ತನ್ನ ಹೆಡ್‌ಫೋನು, ಒಂದು ಟವೆಲು, ನೆಗಡಿ ಮಾತ್ರೆಯ ಪಟ್ಟಿ, ಎಲ್ಲವನ್ನೂ ಚೀಲಕ್ಕೆ ತುಂಬಿದ. ಹೊಸಬರಿಗೆ ಅನುಕೂಲವಾಗಲೆಂದು ಕುರ್ಚಿಯ ಎತ್ತರವನ್ನೂ ಇಳಿಸಿದ.

ಹತ್ತೂವರೆಗೆ ಅವಳು ಬಂದಳು. ಅವನ ಕಡೆ ನೋಡದೆ ಕೋಣೆಗೆ ಹೋದಳು. ಸೇಬು ತಿಂದಳು. ಓದಲು ಈಗ ಆ ವಿಮರ್ಶೆ ಇಲ್ಲವಲ್ಲ, ಒಂದು ಎರಡು ಮೂರು ಎನ್ನುತ್ತಾಳೆ ಎಂದುಕೊಂಡ. ಅವಳು ಚೀಲದಿಂದ ಮಗಳ ನೋಟುಬುಕ್ಕಿನಿಂದ ಹರಿದ, ನಾಲ್ಕು ಗೆರೆಯ ಹಾಳೆಯೊಂದನ್ನು ತೆಗೆದಳು.

"ಎರಡು ನಕ್ಷತ್ರ," ಎಂದು ಶುರುಮಾಡಿದಳು. "ಕೈಕೆಲಸ ಅಚ್ಚುಕಟ್ಟು, ಅದಕ್ಕೊಂದು. ಅಳಿಸಿ ಅಂದ ತಕ್ಷಣ ಅಳಿಸಿದ, ಅದಕ್ಕೊಂದು. ಮಿಕ್ಕಂತೆ ಈ ಮನುಷ್ಯನ ಬಾಯಿಂದ ಒಂದು ಮಾತು ಹೊರಡೋಕೆ ಎರಡು ವರ್ಷ ಬೇಕು. ಶುಕ್ರವಾರ ಇವನ ಮುಖ ನೋಡಬಾರದು ಅನ್ಕೊಂಡೆ. ಶನಿವಾರ ಪೂರ್ತಿ ಸಿಟ್ಟಿತ್ತು. ಭಾನುವಾರ ಹುಡುಕಿದ್ರೆ ಅರ್ಧ ಸಿಟ್ಟು ಮಾತ್ರ ಸಿಕ್ತು. ನನ್ನ ಒಂದು ಉಸಿರನ್ನೂ ಬಿಸಾಡದೆ ಇಟ್ಟೋರು ಈವರೆಗೆ ಯಾರೂ ಇರ್ಲಿಲ್ಲ ಅಂತ ನೆನಪಾಗಿ ಹೆದರಿಕೆ ಆಯ್ತು. ಇಷ್ಟವಾಗೋ ಥರದ ಹೆದರಿಕೆ. ಕೊನೇ ಭಾಗದಲ್ಲಿ ನನ್ನ ಉಸಿರಿಗೆ ಕತ್ತರಿ ಹಾಕೋ ಹಾಗಿಲ್ಲ. ಇದೇ ಷರತ್ತು. ಮೂರನೇ ನಕ್ಷತ್ರ ಬೇಕು ಅಂದ್ರೆ ಮಧ್ಯಾಹ್ನ ಶಾಲೆ ಗೇಟಿನವರೆಗೆ ಜೊತೇಲಿ ನಡೀಬೇಕು. ಅಭಿಪ್ರಾಯ ಇನ್ನೂ ಬದಲಾಗ್ತಾ ಇದೆ. ಇಂತಿ, ಹೊಸ ಕೇಳುಗಿ."

ಹಾಳೆ ಮಡಿಸಿದಳು. ಗಾಜಿನಾಚೆಯಿಂದ ಒಂದು ಹುಬ್ಬು ಮೇಲೇರಿತು. ಬೆರಳು ಮಾತ್ರ ಮಡಿಸಿದ ಹಾಳೆಯನ್ನೇ ಮತ್ತೆ ಮತ್ತೆ ಮಡಿಸುತ್ತಿತ್ತು. ಅವಳೂ ಹೆದರಿದ್ದಾಳೆ ಎಂದು ಅವನಿಗೆ ಆಗ ಗೊತ್ತಾಯಿತು.

"ಲೆವೆಲ್ ಸರಿ ಇದೆಯಾ, ಕತ್ತರಿ ಸಾಹೇಬ್ರೆ?"

ಅವನು ಮೀಟರಿನ ಕಡೆ ನೋಡಲೇ ಇಲ್ಲ. ಬಟನ್ ಒತ್ತಿದ.

"ಇಲ್ಲ," ಎಂದ. "ಇನ್ನೊಂದ್ಸಲ ಓದಿ."